ಒಂದು ಬಕೆಟ್ ಹೆಪ್ಪು

ಹಾಲಿಗೆ ಹೆಪ್ಪು ಹಾಕಿದರೆ ಮೊಸರಾಗುತ್ತದೆ ಎಂಬುದು ಮಕ್ಕಳಿಗೂ ಗೊತ್ತು. ಕಸಕ್ಕೂ ಹೆಪ್ಪು ಹಾಕುತ್ತಾರೆ ಎಂದರೆ ಮಾತ್ರ ದೊಡ್ಡವರೇ ಮುಖ ಕಿವುಚುತ್ತಾರೆ. ಗೊಬ್ಬರದಕ್ಕನಿಗೆ ಆ ಮುಖಗಳು ಹೊಸವಲ್ಲ. ಪುರಸಭೆಯ ಗೊಬ್ಬರದ ಅಂಗಳ ನೋಡಲು ಬಂದವರಿಗೆಲ್ಲ ಅವಳದು ಒಂದೇ ಮಾತು: "ಮೂಗು ಆಮೇಲೆ ಮುಚ್ಕೊಳ್ಳಿ, ಮೊದ್ಲು ಕೈ ಹಾಕಿ ನೋಡಿ." ಯಾರಾದರೂ ಧೈರ್ಯ ಮಾಡಿ ರಾಶಿಯೊಳಗೆ ಮೊಣಕೈವರೆಗೆ ಕೈ ಇಳಿಸಿದರೆ ಹೌಹಾರಿ ಹೊರಗೆಳೆಯುತ್ತಿದ್ದರು. ಒಳಗೆ ಅಷ್ಟು ಬಿಸಿ. ಬೆಂಕಿಯಿಲ್ಲ, ಕರೆಂಟಿಲ್ಲ, ಊರಿನ ತರಕಾರಿ ಸಿಪ್ಪೆ, ಚಹಾದ ಚರಟ, ಹಳಸಿದ ಅನ್ನ, ಉದುರಿದ ಎಲೆ ಎಲ್ಲ ಸೇರಿ ತಮ್ಮಷ್ಟಕ್ಕೆ ತಾವೇ ಬೇಯುತ್ತಿದ್ದವು.

ತಗಡಿನ ಮಾಡಿನ ಕೆಳಗೆ ಇಟ್ಟಿಗೆಯ ಆರು ತೊಟ್ಟಿಗಳು. ಬೆಳಿಗ್ಗೆ ಏಳಕ್ಕೆ ಗಾಡಿ ಬಂದು ಹಸಿ ಕಸ ಸುರಿದು ಹೋಗುತ್ತಿತ್ತು. ಅದರೊಳಗಿಂದ ಪ್ಲಾಸ್ಟಿಕ್ ಕವರು, ಬಾಟಲಿ ಮುಚ್ಚಳ ಆರಿಸಿ ಪಕ್ಕದ ಒಣ ಕಸದ ಶೆಡ್ಡಿಗೆ ಕಳಿಸಬೇಕು. ಉಳಿದದ್ದನ್ನು ಒಂದು ಪದರ ಹಸಿ, ಒಂದು ಪದರ ಒಣ ಎಲೆ ಎಂದು ತುಂಬಬೇಕು. ವಾರಕ್ಕೊಮ್ಮೆ ಮಗುಚಬೇಕು. ಮೂರು ತಿಂಗಳಿಗೆ ಜರಡಿ ಹಿಡಿದರೆ ಕೆಳಗೆ ಕಪ್ಪು ಪುಡಿ, ಮೇಲೆ ಮೊಟ್ಟೆ ಚಿಪ್ಪು, ಹಣ್ಣಿನ ಗಟ್ಟಿ ಬೀಜ, ಜೊತೆಗೆ ಒಂದೆರಡು ಚಮಚ. ಊರಿನ ಮನೆಗಳಲ್ಲಿ ಚಮಚ ಕಳೆದಾಗೆಲ್ಲ ಪಾಪ ಯಾರ್ಯಾರೋ ಬೈಸಿಕೊಂಡಿರುತ್ತಾರೆ. ಕಳ್ಳ ಮಾತ್ರ ಸಿಂಕಿನ ಕೆಳಗಿನ ಬಕೆಟ್ಟು.

ಇನ್ನು ಹೆಪ್ಪು. ಅಂಗಳದ ಮೂಲೆಯಲ್ಲಿ, ಒದ್ದೆ ಗೋಣಿಚೀಲ ಹೊದ್ದುಕೊಂಡು ಒಂದು ಪುಟ್ಟ ರಾಶಿ ಇರುತ್ತಿತ್ತು. ಹೊಸ ತೊಟ್ಟಿ ತುಂಬುವಾಗ ಅದರಿಂದ ಒಂದು ಬುಟ್ಟಿ. ತೊಟ್ಟಿ ಮಾಗಿದ ಮೇಲೆ ಅದರಿಂದ ಒಂದು ಬುಟ್ಟಿ ವಾಪಸು ಮೂಲೆಗೆ. ಹೀಗೆ ಹನ್ನೆರಡು ವರ್ಷ. ಊರ ಹೊರಗಿನ ಕಸದ ಗುಡ್ಡಕ್ಕೆ ಹತ್ತಬೇಕಿದ್ದ ಎಷ್ಟು ಸಾವಿರ ಗಾಡಿ ಕಸ ಈ ಮೂಲೆಯ ಬುಟ್ಟಿಯಿಂದ ಮಣ್ಣಾಗಿ ಹೋಯಿತೋ! ಗೊಬ್ಬರದಕ್ಕ ರಜೆ ಹಾಕಿದರೂ ಹೆಪ್ಪಿಗೆ ನೀರು ಚಿಮುಕಿಸಿಯೇ ಹಾಕುತ್ತಿದ್ದಳು. "ಹಸುಗೂಸು ನೋಡಿಕೊಂಡ ಹಾಗೆ ನೋಡ್ಕೋತಾಳೆ" ಎಂದು ಗಾಡಿಯವರು ನಗುತ್ತಿದ್ದರು. ನಗಲಿ. ಆ ಹೆಪ್ಪು ಬರೀ ಹೆಪ್ಪಲ್ಲ ಎಂದು ಅವರಿಗೆ ಹೇಳುವವರು ಯಾರು? ಅವಳು ಹೇಳಿರಲಿಲ್ಲ. ಹೇಳದೆ ಇದ್ದದ್ದೇ ಅವಳ ಎದೆಯ ಮುಳ್ಳು.

ಅದನ್ನು ಶುರು ಮಾಡಿದವಳು ಅವಳಲ್ಲ, ಅವಳ ನಾದಿನಿ.

ಗೊಬ್ಬರದಕ್ಕ ಮದುವೆಯಾಗಿ ಬಂದಾಗ ಆ ಮನೆಯಲ್ಲಿ ಇದ್ದವರು ಇಬ್ಬರೇ: ಬೀಗ ರಿಪೇರಿ ಮಾಡುವ ಗಂಡ, ಅವನ ತಂಗಿ. ಗಂಡ ಒಳ್ಳೆಯವನು, ಆದರೆ ಊರಿನ ಬೀಗಗಳನ್ನೆಲ್ಲ ತೆಗೆಯುವವನು ತನ್ನ ಬಾಯಿಗೆ ಮಾತ್ರ ಬೀಗ ಜಡಿದುಕೊಂಡಿದ್ದ. ನಾದಿನಿ ಅದಕ್ಕೆ ತದ್ವಿರುದ್ಧ. ಅತ್ತಿಗೆಯ ಓರಗೆಯವಳು, ಮಾತಿನ ಮಲ್ಲಿ. ಒಂದು ಎಲೆಕೋಸು ಹೆಚ್ಚುವುದರೊಳಗೆ ಇಡೀ ಬೀದಿಯ ಸಮಾಚಾರ ಹೆಚ್ಚಿ ಮುಗಿಸುತ್ತಿದ್ದಳು. ಇಬ್ಬರೂ ಒಂದೇ ಬಾಚಣಿಗೆ, ಒಂದೇ ಛತ್ರಿ. "ನೀನು ಮದುವೆಯಾಗಿದ್ದು ನಮ್ಮಣ್ಣನ್ನೋ ನನ್ನೋ?" ಎಂದು ಕೇಳಿದರೆ, "ನಿನ್ನನ್ನೇ. ಅವರು ಕೊಸರು" ಎನ್ನುತ್ತಿದ್ದಳು ಅತ್ತಿಗೆ.

ಆ ವರ್ಷ ಕಸದ ಗುಡ್ಡದ ಕೆಳಗಿನ ಹಳ್ಳಿಯವರು ಲಾರಿಗಳಿಗೆ ಅಡ್ಡ ಮಲಗಿದರು. ಅವರ ಬಾವಿಯ ನೀರು ಕಪ್ಪಾಗಿತ್ತು, ಅವರದೇನು ತಪ್ಪು? ನಲವತ್ತು ದಿನ ಊರಿನಲ್ಲಿ ಕಸದ ಗಾಡಿ ಬರಲಿಲ್ಲ. ಬೀದಿ ಮೂಲೆಗಳಲ್ಲಿ ಚೀಲಗಳು ಬೆಳೆದವು, ನೊಣ ಬಂತು, ನಾಯಿ ಬಂತು. ಒಂದು ಬೆಳಿಗ್ಗೆ ನಾದಿನಿ ಜೀರುಂಡೆಯ ಹಾಗೆ ಗುಂಯ್‌ಗುಟ್ಟುತ್ತಾ ಒಡೆದ ನೀರಿನ ಡ್ರಮ್ಮನ್ನು ತಾರಸಿಗೆ ಉರುಳಿಸಿಕೊಂಡು ಹೋದಳು. ಕಬ್ಬಿಣದ ಸಲಾಕೆ ಕಾಯಿಸಿ ಅದರ ಮೈತುಂಬ ತೂತು ಮಾಡಿದಳು. ಮೊದಲ ತಿಂಗಳು ಹುಳ ಬಿದ್ದವು. ಕೆಳಮನೆಯ ಯಜಮಾನರು ಮೂಗಿಗೆ ಕರವಸ್ತ್ರ ಕಟ್ಟಿಕೊಂಡು ಜಗಳಕ್ಕೆ ಬಂದರು. "ಇನ್ನೆರಡು ವಾರ ತಡೀರಿ, ಇದೇ ಮಣ್ಣಲ್ಲಿ ನಿಮಗೆ ಟೊಮೆಟೊ ಬೆಳೆದು ಕೊಡ್ತೀನಿ" ಎಂದು ನಾದಿನಿ ಅವರನ್ನು ಸಾಗಹಾಕಿದಳು. ನೀರು ಹೆಚ್ಚಾಯಿತೆಂದು ಒಣ ಎಲೆ ತಂದಳು. ಎಲೆ ಹೆಚ್ಚಾಯಿತೆಂದು ನೀರು ಹಾಕಿದಳು. ಅತ್ತಿಗೆ ಹಿಂದೆ ನಿಂತು "ಸಾಕು ಮಾರಾಯ್ತಿ, ಬಿಟ್ಟುಬಿಡು" ಎನ್ನುವ ಕೆಲಸ ಮಾಡಿದಳು. ಕಡೆಗೊಂದು ದಿನ ಡ್ರಮ್ಮಿನ ಮುಚ್ಚಳ ತೆಗೆದರೆ ಮೊದಲ ಮಳೆ ಬಿದ್ದ ನೆಲದ ವಾಸನೆ. ಇಬ್ಬರೂ ಮೂಗು ಒಳಗಿಟ್ಟು, ತಲೆಗೆ ತಲೆ ಢಿಕ್ಕಿ ಹೊಡೆದುಕೊಂಡು, ಹುಚ್ಚರ ಹಾಗೆ ನಕ್ಕಿದ್ದರು.

ಸುದ್ದಿ ಪುರಸಭೆಯವರೆಗೆ ಹೋಯಿತು. ಗೊಬ್ಬರದ ಅಂಗಳ ಮಾಡುತ್ತೇವೆ, ನೋಡಿಕೊಳ್ಳಲು ಒಬ್ಬರು ಬೇಕು ಎಂದು ಕರೆಸಿದರು. ಇಬ್ಬರೂ ಹೋದರು. ಮೇಜಿನ ಆಚೆ ಕೂತ ಅಧಿಕಾರಿ ತಲೆ ಎತ್ತದೆ ಕೇಳಿದರು: "ಇದನ್ನು ಶುರು ಮಾಡಿದ್ದು ಯಾರು?"

ನಾದಿನಿ ಬಾಯಿ ತೆರೆಯುವುದರೊಳಗೆ ಅತ್ತಿಗೆ, "ನಾನು ಸಾರ್" ಎಂದುಬಿಟ್ಟಳು.

ಹೊಟ್ಟೆಯಲ್ಲಿ ಐದು ತಿಂಗಳ ಕೂಸಿತ್ತು. ಗಂಡನ ಅಂಗಡಿ ಮುಚ್ಚುವ ಹಾಗಿತ್ತು. ಇರುವುದು ಒಂದೇ ಕೆಲಸ ಎಂದು ಬಾಗಿಲಲ್ಲೇ ಹೇಳಿದ್ದರು. ಕಾರಣಗಳಿಗೇನು, ಕೈಗೊಂದು ಕಾಲಿಗೊಂದು. ಆದರೆ ಮಾತು ಆಡಿದರೆ ಹೋಯಿತು. ನಾದಿನಿ ತಿರುಗಿ ಅತ್ತಿಗೆಯ ಹೊಟ್ಟೆ ನೋಡಿದಳು, ಮುಖ ನೋಡಲಿಲ್ಲ. ಮನೆಗೆ ಬಂದು ಎಲೆಕೋಸು ಹೆಚ್ಚಿದಳು, ಸುಮ್ಮನೆ.

ಮೂರು ತಿಂಗಳಿಗೆ ಅವಳ ಮದುವೆಯಾಯಿತು. ಹುಡುಗ ಬಸ್ ಡಿಪೋದ ಮೆಕ್ಯಾನಿಕ್, ನಾಲ್ಕು ಗಂಟೆ ಬಸ್ಸಿನ ದೂರದ ಊರು. ಹೊರಡುವ ದಿನ ಖಾಲಿ ಡಬ್ಬಿ ಹಿಡಿದು ಅತ್ತಿಗೆಯ ಮುಂದೆ ನಿಂತಳು. "ನಿಮ್ಮದಲ್ವಾ. ಒಂದು ಡಬ್ಬಿ ಹೆಪ್ಪು ಕೊಡ್ತೀರಾ?"

ನೀನು ಎನ್ನುತ್ತಿದ್ದವಳು. ಅತ್ತಿಗೆ ಡಬ್ಬಿ ತುಂಬಿಕೊಟ್ಟಳು. ತುಂಬುವಾಗ ಹೇಳಬಹುದಿತ್ತು. ಹೇಳಲಿಲ್ಲ.

ಆಮೇಲೆ ಗಂಡ ವರ್ಷಕ್ಕೆರಡು ಸಲ ತಂಗಿಯ ಮನೆಗೆ ಹೋಗಿ ಬರುತ್ತಿದ್ದ. ಇವಳು ಬಾಗಿಲಲ್ಲೇ ಕಾದಿರುತ್ತಿದ್ದಳು.

"ಹೇಗಿದಾಳೆ?"

"ಚೆನ್ನಾಗಿದಾಳೆ."

"ದಪ್ಪ ಆಗಿದಾಳಾ? ಕೂದಲು ನೆರೆತಿದೆಯಾ? ಏನು ಅಡುಗೆ ಮಾಡಿದ್ಲು?"

"ನೋಡ್ಲಿಲ್ಲ."

"ಊಟ ಮಾಡಿದ್ದನ್ನೂ ನೋಡ್ಲಿಲ್ವಾ? ನನ್ನ ಬಗ್ಗೆ ಏನಾದ್ರೂ ಕೇಳಿದ್ಲಾ?"

"ಹೂಂ. ಹೇಗಿದಾಳೆ ಅಂದ್ಲು."

"ನೀವೇನಂದ್ರಿ?"

"ಚೆನ್ನಾಗಿದಾಳೆ ಅಂದೆ."

ಹನ್ನೆರಡು ವರ್ಷ ಅವಳು ಈ ಒಂದೇ ಪದವನ್ನು ಹಿಂಡಿ ಹಿಂಡಿ ರಸ ತೆಗೆದಿದ್ದಳು. ನಂಬರ್ ಗಂಡನ ಫೋನಿನಲ್ಲೇ ಇತ್ತು. ಒತ್ತಲು ಬೆರಳು ಏಳುತ್ತಿರಲಿಲ್ಲ. ಕ್ಷಮಿಸು ಎಂದು ಶುರು ಮಾಡಬೇಕೋ, ಊಟವಾಯಿತೇ ಎಂದು ಶುರು ಮಾಡಬೇಕೋ ಎನ್ನುವುದರಲ್ಲೇ ಮಗಳು ಹುಟ್ಟಿ, ನಡೆದು, ಬೈಸಿಕಲ್ ಕಲಿತಳು. "ಅತ್ತೆ ಯಾಕಮ್ಮ ಬರಲ್ಲ?" ಎಂದು ಮಗಳು ಕೇಳಿದರೆ "ದೂರ ಪುಟ್ಟಿ" ಎನ್ನುತ್ತಿದ್ದಳು. ಸುಳ್ಳೇನಲ್ಲವಲ್ಲ.

ಬೆಳಿಗ್ಗೆ ಅಂಗಳಕ್ಕೆ ಬಂದು ಗೋಣಿಚೀಲ ಸರಿಸಿ ಹೆಪ್ಪಿನ ಮೇಲೆ ಅಂಗೈ ಇಟ್ಟಾಗ ಮಾತ್ರ ಒಂದು ಸಮಾಧಾನ. ತಾರಸಿಯ ಆ ಡ್ರಮ್ಮಿನದೇ ಬಿಸಿ ಇದು, ಅವಳ ಕೈಯದೇ ಬಿಸಿ; ಇದಿರುವವರೆಗೆ ನಮ್ಮಿಬ್ಬರ ನಡುವೆ ಏನೋ ಒಂದು ತಣ್ಣಗಾಗಿಲ್ಲ ಅಂದುಕೊಳ್ಳುತ್ತಿದ್ದಳು.

ತಣ್ಣಗಾಯಿತು. ಆದದ್ದು ಹೀಗೆ.

ಅಂಗಳಕ್ಕೆ ಹೊಸ ಮೇಸ್ತ್ರಿ ಬಂದಿದ್ದ. ಒಳ್ಳೆಯ ಮನುಷ್ಯ, ಶುಚಿಯ ಹುಚ್ಚು ಸ್ವಲ್ಪ ಹೆಚ್ಚು. ಗಾಡಿಯವರು ಅವನಿಗಿಟ್ಟ ಹೆಸರು ಫಿನಾಯಿಲ್ ಮೇಸ್ತ್ರಿ. ಮಗಳಿಗೆ ಜ್ವರ ಬಂದು ಗೊಬ್ಬರದಕ್ಕ ಎರಡು ದಿನ ರಜೆ ಹಾಕಿದಳು. ಅದೇ ಹೊತ್ತಿಗೆ ದೊಡ್ಡ ಅಧಿಕಾರಿ ಅಂಗಳ ನೋಡಲು ಬರುತ್ತಾರೆಂದು ಸುದ್ದಿ ಬಂತು. ಮೇಸ್ತ್ರಿಗೆ ಕೈಕಾಲೇ ಆಡಲಿಲ್ಲ. ವಾಸನೆ ಬರಬಾರದಲ್ಲ! ನಾಲ್ಕು ಕ್ಯಾನು ಫಿನಾಯಿಲ್ಲು, ಎರಡು ಚೀಲ ಬ್ಲೀಚಿಂಗ್ ಪೌಡರ್ರು ತರಿಸಿ, ಪೈಪು ಹಿಡಿದು, ಆರು ತೊಟ್ಟಿಗೂ ತಲೆಸ್ನಾನ ಮಾಡಿಸಿದ. ಮೂಲೆಯ ಗೋಣಿಚೀಲದ ರಾಶಿ ಎಲ್ಲಕ್ಕಿಂತ ಹಳೆಯದು, ಗಲೀಜು ಎಂದು ಅದಕ್ಕೆ ಎರಡು ಸಲ. ಅಧಿಕಾರಿ ಬಂದರು, ಜೀಪಿನ ಗಾಜು ಇಳಿಸಿದರು, "ಗುಡ್" ಎಂದರು, ಗಾಜು ಏರಿಸಿ ಹೋದರು.

ಮೂರನೇ ದಿನ ಬಂದ ಗೊಬ್ಬರದಕ್ಕ ಗೇಟಿನಲ್ಲೇ ನಿಂತಳು. ಗೊಬ್ಬರದ ಅಂಗಳ ಆಸ್ಪತ್ರೆಯ ಹಾಗೆ ನಾರುತ್ತಿತ್ತು. ಓಡಿ ಹೋಗಿ ಮೂಲೆಯ ರಾಶಿಗೆ ಕೈ ಹಾಕಿದಳು. ತಣ್ಣಗೆ, ಅಂಟಂಟು. ಒಂದೊಂದೇ ತೊಟ್ಟಿಗೆ ಕಬ್ಬಿಣದ ಸಲಾಕೆ ಚುಚ್ಚಿ, ಎಳೆದು, ಅಂಗೈಯಲ್ಲಿ ಹಿಡಿದು ನೋಡಿದಳು. ಆರೂ ತಣ್ಣಗೆ. ಎರೆಹುಳುಗಳು ಗೋಡೆಯ ಬುಡದಲ್ಲಿ ದಾರದ ತುಂಡುಗಳ ಹಾಗೆ ಬಿದ್ದಿದ್ದವು.

"ಕ್ಲೀನ್ ಆಯ್ತಲ್ವಾ ಅಕ್ಕ?" ಎಂದ ಮೇಸ್ತ್ರಿ, ಹೊಗಳಿಕೆ ಕಾಯುವ ಮಗುವಿನ ಹಾಗೆ.

ಅವಳು ಅಲ್ಲೇ ಕುಕ್ಕರಿಸಿ ಅತ್ತಳು. ಮೇಸ್ತ್ರಿ ಗಾಬರಿಯಾದ. ವಿಷಯ ತಿಳಿದ ಮೇಲೆ ಕಿವಿ ಹಿಡಿದುಕೊಂಡ. "ತಪ್ಪಾಯ್ತಕ್ಕ. ಆದ್ರೆ ಅಳೋದ್ಯಾಕೆ? ಎರಡು ಬುಟ್ಟಿ ಸೆಗಣಿ ಹಾಕಿದ್ರೆ ಮತ್ತೆ ಏಳತ್ತೆ. ನಾನೇ ತರಿಸ್ತೀನಿ."

ಅವನು ಹೇಳಿದ್ದು ಸರಿಯೇ. ಅವಳಿಗೂ ಗೊತ್ತು. ಆದರೆ ಅವಳು ಕಣ್ಣೊರೆಸಿಕೊಂಡು ಎದ್ದವಳೇ, "ಸೆಗಣಿ ಬೇಡ. ತೊಟ್ಟಿ ಎಲ್ಲ ಖಾಲಿ ಮಾಡಿ, ತೊಳೆದು ಒಣಗಿಸಿಡಿ. ನಾಳೆ ನಾನು ಬರಲ್ಲ" ಎಂದಳು. ಮನೆಗೆ ಹೋಗಿ ಗಂಡನಿಗೆ, "ನಿಮ್ಮ ತಂಗಿ ಮನೆ ಅಡ್ರೆಸ್ ಬರೆದುಕೊಡಿ" ಎಂದಳು. ಅವನು ಅವಳ ಮುಖವನ್ನು ಸ್ವಲ್ಪ ಹೊತ್ತು ನೋಡಿ, ಮಾತಾಡದೆ ಬರೆದುಕೊಟ್ಟ. ಅವನ ಮೌನದಿಂದ ಉಪಕಾರವಾದದ್ದು ಅದೊಂದೇ ಸಲ.

ಬಸ್ಸಿನಲ್ಲಿ ಮುಚ್ಚಳದ ಬಕೆಟ್ಟನ್ನು ತೊಡೆಯ ಮೇಲಿಟ್ಟುಕೊಂಡು ನಾಲ್ಕು ಗಂಟೆ ಕೂತಳು. ಹನ್ನೆರಡು ವರ್ಷದಲ್ಲಿ ನಾದಿನಿ ಆ ಡಬ್ಬಿಯನ್ನು ಎಸೆದಿರಬಹುದು. ಬಾಡಿಗೆ ಮನೆ, ಮೂರನೇ ಮಹಡಿ, ಜಾಗವೆಲ್ಲಿ? ಎಸೆದಿದ್ದರೆ ಏನು ಕೇಳುವುದು? ಎಸೆಯದಿದ್ದರೂ, "ನಿಮ್ಮದಲ್ವಾ, ತಗೊಂಡು ಹೋಗಿ" ಎಂದು ಬಾಗಿಲಲ್ಲೇ ಕೊಟ್ಟುಬಿಟ್ಟರೆ?

ಹಳೆಯ ನಾಲ್ಕು ಮಹಡಿಯ ಕಟ್ಟಡ. ಮೊದಲ ಮೆಟ್ಟಿಲ ತಿರುವಿನಲ್ಲಿ, ಯಾರದೋ ಮನೆಯ ಮುಂದೆ, ಪೇಂಟಿನ ಬಕೆಟ್ಟೊಂದು ಗೋಣಿತುಂಡು ಹೊದ್ದು ಕೂತಿತ್ತು. ಬದಿಯಲ್ಲಿ ತೂತುಗಳು. ಅವಳು ನಿಂತಳು. ಎದುರು ಬಾಗಿಲಲ್ಲಿ ಇನ್ನೊಂದು. ಎರಡನೇ ಮಹಡಿಯಲ್ಲಿ ನಾಲ್ಕು. ಬಗ್ಗಿ ಒಂದರ ಗೋಣಿ ಎತ್ತಿ ಮೂಸಿದಳು. ಅದೇ ವಾಸನೆ. ಇಡೀ ಮೆಟ್ಟಿಲೇ ತಾರಸಿಯ ಡ್ರಮ್ಮಾಗಿತ್ತು! ಗಂಡ ವರ್ಷಕ್ಕೆರಡು ಸಲ ಈ ಮೆಟ್ಟಿಲು ಹತ್ತಿ ಇಳಿದು ಬಂದು ಹೇಳಿದ್ದೇನು? ಚೆನ್ನಾಗಿದಾಳೆ. ಅವಳಿಗೆ ನಗು ಬಂತು.

ಬಾಗಿಲು ತೆರೆದ ನಾದಿನಿಯ ತುಟಿಗಳ ನಡುವೆ ಸಾಲಾಗಿ ಗುಂಡುಸೂಜಿಗಳಿದ್ದವು. ಮನೆಯಲ್ಲೇ ಬಟ್ಟೆ ಸರಿಮಾಡಿಕೊಡುವ ಕೆಲಸ ಅವಳದು. ಭುಜದ ಮೇಲೆ ಟೇಪು, ಕೈಯಲ್ಲಿ ಯಾರದೋ ಕೋಟಿನ ತೋಳು. ಕೂದಲು ನೆರೆತಿತ್ತು, ಕಿವಿಯ ಮೇಲೆ ಮಾತ್ರ. ದಪ್ಪ ಆಗಿರಲಿಲ್ಲ. ಬಾಯಿತುಂಬ ಸೂಜಿ ಇದ್ದುದರಿಂದ ಅವಳು ಏನೂ ಹೇಳಲಾರದೆ ಒಳಗೆ ಬಾ ಎಂಬಂತೆ ಪಕ್ಕಕ್ಕೆ ಸರಿದಳು.

ಜೀವಮಾನದಲ್ಲಿ ಮೊದಲ ಸಲ ನಾದಿನಿಯ ಎದುರು ಅತ್ತಿಗೆಯೇ ಮಾತಾಡಿದಳು. ಮೇಸ್ತ್ರಿ, ಫಿನಾಯಿಲ್ಲು, ಜೀಪು, ಸತ್ತ ಎರೆಹುಳು ಎಲ್ಲ ಒಂದೇ ಉಸಿರಿಗೆ. "ಅದಕ್ಕೇ ಹೆಪ್ಪು ಕೇಳೋಣ ಅಂತ ಬಂದೆ" ಎಂದು ನಿಲ್ಲಿಸಿದಳು.

ನಾದಿನಿ ಒಂದೊಂದೇ ಸೂಜಿ ತೆಗೆದು ಹತ್ತಿಯ ಉಂಡೆಗೆ ಚುಚ್ಚಿದಳು. ಕೊನೆಯದನ್ನೂ ಚುಚ್ಚಿ ಹೇಳಿದಳು: "ಸೆಗಣಿ ಹಾಕಿದ್ರೆ ಆಗ್ತಿತ್ತಲ್ಲ."

"ಹೂಂ."

"ಮರದ ಬುಡದ ಮಣ್ಣು ನಾಲ್ಕು ಹಿಡಿ ಹಾಕಿದ್ರೂ ಆಗ್ತಿತ್ತು."

"ಹೂಂ."

"ಮತ್ತೆ ನಾಲ್ಕು ಗಂಟೆ ಬಸ್ಸಲ್ಲಿ ಯಾಕೆ ಬಂದ್ರಿ?"

ಅತ್ತಿಗೆ ಬಕೆಟ್ಟಿನ ಹಿಡಿ ನೋಡುತ್ತಾ, "ಶುರು ಮಾಡಿದ್ದು ನೀನು" ಎಂದಳು. "ನಾನಲ್ಲ. ನೀನು. ಅವತ್ತು ನಾನು ಸುಳ್ಳು ಹೇಳ್ದೆ."

ಗೋಡೆಯ ಆಚೆ ಯಾರದೋ ಕುಕ್ಕರು ಕೂಗಿ ನಿಂತಿತು.

"ಇದನ್ನ ನನಗ್ಯಾಕೆ ಹೇಳ್ತೀಯ?" ಎಂದಳು ನಾದಿನಿ. "ನನಗೆ ಗೊತ್ತಿರೋದೇ ಅಲ್ವಾ ಅದು? ಗೊತ್ತಿಲ್ದೋರಿಗೆ ಹೇಳು." ಕೋಟಿನ ತೋಳನ್ನು ಮಡಚಿ ಬಿಡಿಸಿ, ಮತ್ತೆ ಮಡಚಿದಳು. "ಕೆಲಸ ನಿನಗೇ ಸಿಗಲಿ ಅಂತಾನೇ ನಾನೂ ಹೇಳ್ತಿದ್ದೆ ಕಣೆ. ಹೊಟ್ಟೇಲಿ ಮಗು ಇಟ್ಕೊಂಡು ನಿಂತಿದ್ದೆ ನೀನು. ನನಗೆ ಬಿಟ್ಟುಕೊಡೋಕೆ ಅವಕಾಶಾನೇ ಕೊಡ್ಲಿಲ್ಲ, ನೀನೇ ಕಿತ್ಕೊಂಡೆ. ಅವತ್ತು ಸಂಜೆ ನೀರು ತುಂಬೋವಾಗ ಹೇಳ್ತೀಯ ಅಂತ ಕಾದೆ. ಮಾರನೇ ದಿನ ಬಟ್ಟೆ ಒಣಹಾಕೋವಾಗ ಹೇಳ್ತೀಯ ಅಂತ ಕಾದೆ. ಡಬ್ಬಿ ತಂದು ಕೈಗೆ ಕೊಟ್ಟೆ, ಆಗಲಾದ್ರೂ ಹೇಳ್ತೀಯ ಅಂತ. ಒಳ್ಳೆ ಅಂಗಡಿಯವಳ ಹಾಗೆ ತುಂಬಿ ಕೊಟ್ಟೆಯಲ್ಲ!"

"ಹೆದರಿಕೆ ಆಯ್ತು" ಎಂದಳು ಅತ್ತಿಗೆ. "ಆಮೇಲೆ ದಿನ ಕಳೆದಷ್ಟೂ ಇನ್ನೂ ಹೆದರಿಕೆ. ದಿನಾ ಬೆಳಿಗ್ಗೆ ಹೆಪ್ಪು ಮುಟ್ಟುವಾಗ ನೀನೇ ನೆನಪಾಗ್ತಿದ್ದೆ. ಮಾತಾಡೋಕೆ ಯಾರಿದಾರೆ ಆ ಮನೇಲಿ? ನಿಮ್ಮಣ್ಣನಾ?"

"ಅವನು ನಿನ್ನ ಬಗ್ಗೆ ಏನು ಹೇಳ್ತಿದ್ದ ಗೊತ್ತಾ?" ಎಂದಳು ನಾದಿನಿ.

"ಚೆನ್ನಾಗಿದಾಳೆ."

"ಚೆನ್ನಾಗಿದಾಳೆ!"

ನಗು ತಡೆಯಲಾಗಲಿಲ್ಲ, ಇಬ್ಬರಿಗೂ. ನಕ್ಕು, ಕಣ್ಣೊರೆಸಿಕೊಂಡು, ನಾದಿನಿ ಒಳಗೆ ಹೋಗಿ ಚಹಾಕ್ಕಿಟ್ಟಳು. ಅತ್ತಿಗೆಯ ಫೋನಿನಲ್ಲಿ ಮಗಳ ಫೋಟೋ ನೋಡಿದಳು, ಬೆರಳಿನಿಂದ ಹಿಗ್ಗಿಸಿ ಹಿಗ್ಗಿಸಿ. "ಅಯ್ಯೋ, ಮೂಗು ನಂದೇ. ಪಾಪ ಮಗು" ಎಂದಳು. ನಾದಿನಿಗೆ ಮಕ್ಕಳಾಗಿರಲಿಲ್ಲ ಎಂಬುದು ಗೊತ್ತಿದ್ದ ಸಂಗತಿ. ಒಂದು ಸಲ ಆಗಿ ಉಳಿಯಲಿಲ್ಲ ಎಂಬುದು ಆಗ ತಿಳಿಯಿತು. ಆ ದಿನಗಳಲ್ಲಿ ಮಾತಾಡಲು ಪಕ್ಕದ ಮನೆಯವಳಿಗೆ ಒಂದು ಹಿಡಿ ಹೆಪ್ಪು ಕೊಡುವ ನೆಪ ಮಾಡಿಕೊಂಡೆ, ಹಾಗೇ ಮೆಟ್ಟಿಲು ಪೂರ್ತಿ ಹಬ್ಬಿತು ಎಂದಳು. ಅತ್ತಿಗೆ ಲೋಟ ಹಿಡಿದುಕೊಂಡು ಕೇಳಿದಳು. ಆ ದಿನಗಳಲ್ಲಿ ತಾನು ಇಲ್ಲಿರಬೇಕಿತ್ತು ಎಂದು ಹೇಳಲಿಲ್ಲ. ಹೇಳಿದರೆ ಆ ದಿನಗಳೇನು ವಾಪಸು ಬರುತ್ತವೆಯೇ?

ಮೂರೂವರೆಯ ಬಸ್ಸು ತಪ್ಪಿದರೆ ಬೆಳಗಿನ ಕಸದ ಗಾಡಿಯ ಹೊತ್ತಿಗೆ ಅಂಗಳದಲ್ಲಿರಲು ಆಗುವುದಿಲ್ಲ. ನಾದಿನಿ ಬಾಲ್ಕನಿಯ ಹಳೆಯ ಡ್ರಮ್ಮಿನ ತಳದಿಂದ ತೋಡಿ ಬಕೆಟ್ಟು ತುಂಬಿ, ಒದ್ದೆ ಬಟ್ಟೆ ಮುಚ್ಚಿ ಕಟ್ಟಿಕೊಟ್ಟಳು. ಬಸ್ ನಿಲ್ದಾಣಕ್ಕೆ ಇಬ್ಬರೂ ಬಕೆಟ್ಟಿನ ಹಿಡಿಯನ್ನು ಆಚೆಗೊಬ್ಬರು ಈಚೆಗೊಬ್ಬರು ಹಿಡಿದು ನಡೆದರು. ಕಂಡಕ್ಟರ್ ಬಕೆಟ್ ನೋಡಿ, "ಏನಮ್ಮಾ ಇದು?" ಎಂದ. "ಹೆಪ್ಪು" ಎಂದಳು ಅತ್ತಿಗೆ. "ಚೆಲ್ಲಿದ್ರೆ ನೀವೇ ಒರೆಸ್ಬೇಕು" ಎಂದು ಅವನು ಮುಂದೆ ಹೋದ. ಬಸ್ಸು ಹೊರಟಾಗ ನಾದಿನಿ ಕೈ ಬೀಸಲಿಲ್ಲ. ಸೊಂಟದ ಮೇಲೆ ಕೈಯಿಟ್ಟು ತಿರುವಿನವರೆಗೆ ನೋಡುತ್ತಾ ನಿಂತಿದ್ದಳು.

ತೊಳೆದು ಒಣಗಿಸಿದ ಮೊದಲ ತೊಟ್ಟಿಗೆ ಗೊಬ್ಬರದಕ್ಕ ಹೊಸ ಕಸ ತುಂಬಿದಳು. ಹೆಪ್ಪು ಕಲಸಿ ಗೋಣಿ ಹೊದಿಸಿದಳು. ಮೊದಲ ದಿನ ಏನೂ ಇಲ್ಲ. ಎರಡನೇ ದಿನ ಏನೂ ಇಲ್ಲ. ಮೂರನೇ ದಿನ ಸಲಾಕೆ ಎಳೆದಾಗ ಇದ್ದೂ ಇಲ್ಲದಂತೆ ಒಂದು ಬಿಸುಪು. ಬಿಸಿಲಿನದ್ದೋ ಏನೋ ಎಂದು ನಂಬಲಿಲ್ಲ. ನಾಲ್ಕನೇ ದಿನ ಸಲಾಕೆಯ ಬಿಸಿಗೆ ಹಿಡಿಯಲಾರದೆ ಬಿಟ್ಟಳು.

ಮೇಸ್ತ್ರಿ ಓಡಿ ಬಂದ. "ಎದ್ದಿತಾ? ನಿಮ್ಮ ಹೆಪ್ಪು ಅಂದ್ರೆ ಹೆಪ್ಪು ಬಿಡಿ ಅಕ್ಕ."

"ನಂದಲ್ಲ" ಎಂದಳು. "ಇದನ್ನ ಶುರು ಮಾಡಿದ್ದು ನನ್ನ ನಾದಿನಿ. ಆಫೀಸಿನಲ್ಲಿ ನಾನು ಅಂತ ಸುಳ್ಳು ಹೇಳಿದ್ದೆ."

ಮೇಸ್ತ್ರಿ ತಲೆ ಕೆರೆದುಕೊಂಡ. "ಯಾರಾದ್ರೇನಕ್ಕ? ಕಸ ಗೊಬ್ಬರ ಆದ್ರೆ ಸಾಕು" ಎಂದು ಪೈಪು ಸುತ್ತಲು ಹೋದ.

ಅವಳು ಮಾಡಿನ ಕಂಬಕ್ಕೊರಗಿ ಫೋನ್ ಒತ್ತಿದಳು. ಒಂದೇ ರಿಂಗಿಗೆ ನಾದಿನಿ ಎತ್ತಿದಳು.

"ನಾಲ್ಕು ದಿನ ಬೇಕಾ ನಿನಗೆ? ಬಿಸಿ ಬಂತೋ ಇಲ್ವೋ?"

"ಬಂತು. ಸಲಾಕೆ ಹಿಡಿಯೋಕಾಗ್ಲಿಲ್ಲ."

ಆಚೆ ಒಂದು ಉದ್ದನೆಯ ಉಸಿರು. "ಗೊತ್ತಿಲ್ದೋರಿಗೆ ಹೇಳಿದ್ಯಾ?"

"ಮೇಸ್ತ್ರಿಗೆ ಹೇಳ್ದೆ."

"ಏನಂದ?"

"ಯಾರಾದ್ರೇನು ಅಂದ."

ಆ ಕಡೆಯಿಂದ ನಗು ಸಿಡಿಯಿತು. ಹಳೆಯ ನಗು, ಎಲೆಕೋಸು ಹೆಚ್ಚುವಾಗಿನ ನಗು. ಗೊಬ್ಬರದಕ್ಕನೂ ಹೊಟ್ಟೆ ಹಿಡಿದುಕೊಂಡು ನಕ್ಕಳು. ನಗು ಮುಗಿದ ಮೇಲೂ ಇಬ್ಬರೂ ಫೋನ್ ಇಡಲಿಲ್ಲ. ಆಚೆ ಹೊಲಿಗೆ ಯಂತ್ರ ಸ್ವಲ್ಪ ಓಡಿ ನಿಂತಿತು.

"ಶಾಲೆಗೆ ರಜಾ ಬಂದಾಗ ಮಗೂನ ನೋಡೋಕೆ ಬರ್ತೀನಿ ಅನ್ಕೊಂಡಿದೀನಿ. ನೋಡೋಣ. ಇವರಿಗೆ ರಜಾ ಸಿಗಬೇಕು, ಕೋಟು ಬೇರೆ ಹನ್ನೊಂದು ಬಾಕಿ ಇದೆ."

"ನೋಡು" ಎಂದಳು ಅತ್ತಿಗೆ.

ಯಾವ ತಾರೀಖು ಎಂದು ಕೇಳಬೇಕೆನಿಸಿತು. ಆದರೆ ನಾದಿನಿಗೆ ಅವಳದೇ ಊರು, ಅವಳದೇ ಮೆಟ್ಟಿಲು. ಗೇಟಿನಲ್ಲಿ ಎರಡನೇ ಗಾಡಿ ಹಾರ್ನ್ ಹೊಡೆಯುತ್ತಿತ್ತು. "ಗಾಡಿ ಬಂತು ಕಣೆ" ಎಂದಳು, ಆದರೂ ಫೋನ್ ಕಿವಿಯಲ್ಲೇ ಇತ್ತು. ಆ ಕಡೆಯವಳೂ ಇಡಲಿಲ್ಲ.